ಸೀಮೆಹಸು ಕೊಟ್ಟು ಸೋಫಾ ತಂದ ವರ್ಷ

ನಮ್ಮ ಯಜಮಾನರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬೆಳಿಗ್ಗೆ ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುವುದು. ಮದುವೆಯಾಗಿ ಬಂದಾಗಿನಿಂದ ನಾನು ಕಂಡದ್ದು ಇದನ್ನೇ. ಊರುಗಳ ಹೆಸರು ಕೂಗಿ ಕೂಗಿ ಅವರ ಗಂಟಲು ಹೇಗಾಗಿತ್ತೆಂದರೆ, ಊಟಕ್ಕೆ ಕೂತು ಉಪ್ಪು ಕೇಳಿದರೆ ನಮ್ಮ ಸಾರು ಸಪ್ಪೆ ಎಂದು ಬೀದಿಯ ಕೊನೆಯವರಿಗೂ ತಿಳಿಯುತ್ತಿತ್ತು. ಇಷ್ಟೆಲ್ಲ ಕೂಗುವ ಮನುಷ್ಯ ನನ್ನನ್ನು ಮಾತ್ರ ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಮನೆಯೊಳಗೆ ನಾನು 'ಲೇ', ಹೊರಗಿನವರ ಮುಂದೆ 'ನಮ್ಮನೇಲಿ'. ನಾನೂ ಅವರ ಹೆಸರು ಹೇಳುವವಳಲ್ಲ. ಅದರಲ್ಲಿ ಇಬ್ಬರೂ ಸಮ.

ಖಾಸಗಿ ಬಸ್ಸಿನವರಿಗೆ ಪಿಂಚಣಿ ಇಲ್ಲ. ಕೊನೆಯ ದಿನ ಮಾಲೀಕರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೈಮುಗಿದು ಕಳಿಸಿದರು. ಮಗ ಗೌರಿಬಿದನೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು, ಸಂಸಾರ ಅಲ್ಲೇ ಮಾಡಿಕೊಂಡಿದ್ದಾನೆ. ಅವನು ಕಾರು ತೆಗೆದುಕೊಂಡ ವರ್ಷವೇ, ಅವನ ಹೆಸರೂ ಇದ್ದ ನಮ್ಮ ಬಿಪಿಎಲ್ ಕಾರ್ಡು ಹೋಗಿತ್ತು, ಅದರ ಜೊತೆಗೆ ಬಡವರ ಪುಕ್ಕಟೆ ಚಿಕಿತ್ಸೆಯೂ. ಉಳಿದದ್ದು ಮುಕ್ಕಾಲು ಎಕರೆ ಹೊಲ, ನಾನು ಸಾಕಿದ ಒಂದು ಸೀಮೆಹಸು, ಮತ್ತು ಅದರ ಹಾಲಿನಿಂದ ಬಂದ ಊರ ಡೈರಿಯ ಸದಸ್ಯತ್ವ.

ಆ ಸದಸ್ಯತ್ವಕ್ಕೆ ಇನ್ನೊಂದು ಬಾಲವೂ ಇತ್ತು. ಸಹಕಾರ ಸಂಘಗಳ ಸದಸ್ಯರಿಗೆ ಸರ್ಕಾರದ್ದೊಂದು ಆರೋಗ್ಯ ವಿಮೆ ಇದೆ. ಪ್ರತಿ ಚಳಿಗಾಲದಲ್ಲಿ ಡೈರಿ ಸೆಕ್ರೆಟರಿ ನಮ್ಮಿಂದ ವಂತಿಗೆ ತೆಗೆದುಕೊಂಡು ಹೆಸರು ಬರೆಸುತ್ತಿದ್ದ. ದೊಡ್ಡ ಆಪರೇಷನ್ ಏನಾದರೂ ಬಂದರೆ ಆ ಕಾರ್ಡೇ ಗತಿ. ಅದರಲ್ಲಿ ಸದಸ್ಯೆ ಅಂತ ಮೊದಲು ನಾನು, ಕೆಳಗೆ ಅವಲಂಬಿತರು ಅಂತ ಅವರು. ಅವರು ಅದನ್ನು ಓದಿ ನೋಡಿದವರಲ್ಲ. ಮನೆಗೆ ಬರುವ ಯಾವ ಕಾಗದವಾದರೂ ಗಂಡಸಿನ ಹೆಸರಿಗೇ ಬಂದಿರುತ್ತದೆ ಎಂಬ ನಂಬಿಕೆ.

ಮನೆಯಲ್ಲಿ ಕೂತ ಮೊದಲ ವಾರದಲ್ಲೇ ಅವರ ಕಣ್ಣು ನನ್ನ ಮೇಲೆ ಬಿತ್ತು. ಇಷ್ಟು ವರ್ಷ ಅವರು ಏಳುವ ಹೊತ್ತಿಗೆ ನಾನು ಹಾಲು ಕರೆದು, ಡೈರಿಗೆ ಹಾಕಿ, ಸಗಣಿ ಬಾಚಿ ಮುಗಿಸಿರುತ್ತಿದ್ದೆ. ಈಗ ಕೂತು ನೋಡಿದರು.

"ಲೇ, ನಾನೊಬ್ನೇ ರಿಟೈರ್ ಆದ್ರೆ ಹೆಂಗೆ? ನೀನೂ ಆಗು. ಹಸು ಮಾರ್ಬಿಡಣ. ಸಾಕು ಕಣೇ ಗೇದಿದ್ದು."

ಹೇಳುವಾಗ ಅವರ ಕಣ್ಣಲ್ಲಿ ನೀರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಜಗಳಕ್ಕೆ ನಾನು ಹಿಂದೆ ಬಿದ್ದವಳಲ್ಲ. ಆದರೆ ಪ್ರೀತಿಯಿಂದ ಮಾಡಹೊರಟ ತಪ್ಪಿಗೆ ಅಡ್ಡ ನಿಲ್ಲುವುದು ಕಷ್ಟ. ವಿಮೆಯ ಕಾರ್ಡಿಗೂ ಹಸುವಿಗೂ ಗಂಟು ಇರಬಹುದೆಂದು ನನಗೂ ಆಗ ಹೊಳೆಯಲಿಲ್ಲ.

ಯುಗಾದಿ ಕಳೆದ ಮೇಲೆ ಕೆಂಚಾರ್ಲಹಳ್ಳಿಯಿಂದ ಒಬ್ಬ ರೈತ ದಲ್ಲಾಳಿಯನ್ನು ಕರೆದುಕೊಂಡು ಬಂದ. ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಯಿತು. ಹಸು ಕೊಟ್ಟರೂ ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ ಅನ್ನುವುದು ನಮ್ಮ ಕಡೆಯ ಮಾತು. ಕೊಂಡವರು ತಂದ ಹೊಸ ಹಗ್ಗ ಕಟ್ಟಿ ಕಳಿಸಿ, ಹಳೆಯದನ್ನು ನಾನು ಗೂಟಕ್ಕೆ ನೇತುಹಾಕಿದೆ. ಹಸು ಬೀದಿ ತಿರುಗುವವರೆಗೂ ನೋಡುತ್ತ ನಿಂತೆ, ಒಳಗೆ ಬಂದು ಅತ್ತೆ.

ಆ ದುಡ್ಡಿನಲ್ಲಿ ಅವರು ಚಿಂತಾಮಣಿಯಿಂದ ಒಂದು ಸೋಫಾ ತಂದರು. ನಾನು ಕೂತು ದಣಿವಾರಿಸಿಕೊಳ್ಳಲಿ ಅಂತ. ಮೆರೂನ್ ಬಣ್ಣದ್ದು, ನಮ್ಮ ಪಡಸಾಲೆಗೆ ಹಿಡಿಸದಷ್ಟು ದೊಡ್ಡದು. ನಾನು ಅದರ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವ ಎಚ್ಚರವಂತೂ ತಪ್ಪಲಿಲ್ಲ. ಎದ್ದು ಖಾಲಿ ಕೊಟ್ಟಿಗೆ ಗುಡಿಸಿ ಬಂದು, ಅಂಗಡಿಯಿಂದ ಪ್ಯಾಕೆಟ್ ಹಾಲು ತಂದು ಕಾಫಿ ಮಾಡುತ್ತಿದ್ದೆ. ಹಾಲು ಮಾರುತ್ತಿದ್ದವಳು ಹಾಲು ಕೊಳ್ಳುವುದಕ್ಕೆ ನಿಂತಾಗ ಆಗುವ ನಾಚಿಕೆ ಹೇಳಿದರೆ ತಿಳಿಯುವಂಥದ್ದಲ್ಲ.

ಕಾರ್ತೀಕದ ಹೊತ್ತಿಗೆ ಅವರಿಗೆ ಏದುಸಿರು ಶುರುವಾಯಿತು. ಅಂಗಡಿಗೆ ಹೋಗಿ ಬರುವುದರೊಳಗೆ ಎರಡು ಕಡೆ ಕೂರುತ್ತಿದ್ದರು. ಬಸ್ಸಿನ ಧೂಳು ಎದೆಯಲ್ಲಿ ಕೂತಿದೆ ಅನ್ನುವುದು ಅವರ ವೈದ್ಯಕೀಯ. ಮಲಗಿದರೆ ಉಸಿರು ಕಟ್ಟುತ್ತದೆಂದು ಸೋಫಾದಲ್ಲಿ ಒರಗಿ ಕೂತೇ ನಿದ್ದೆ ಮಾಡತೊಡಗಿದರು. ನನ್ನ ವಿಶ್ರಾಂತಿಗೆ ಬಂದ ಸೋಫಾ ಅವರ ಹಾಸಿಗೆಯಾಯಿತು. ಕೊನೆಗೆ ನಾನೇ ದಬಾಯಿಸಿ ಚಿಂತಾಮಣಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು, ಸ್ಕ್ಯಾನ್ ಆಯಿತು. ಎದೆಯ ಒಂದು ವಾಲ್ವ್ ಕೆಟ್ಟಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು ಎಂದರು ಡಾಕ್ಟರು. ನಾಳೆಯೇ ಅಲ್ಲ, ಮಾತ್ರೆಯಲ್ಲಿ ಕೆಲವು ತಿಂಗಳು ತಳ್ಳಬಹುದು, ಆದರೆ ವರ್ಷಗಟ್ಟಲೆ ತಳ್ಳುವಂತಿಲ್ಲ.

ಖರ್ಚೆಷ್ಟು ಎಂದು ನಾನು ಎರಡು ಸಲ ಕೇಳಿದೆ. ಅವರು ಮಾತ್ರ ಬಸ್ಸಿನಲ್ಲಿ ಚಿಲ್ಲರೆ ಕೊಡುವಷ್ಟೇ ಸಲೀಸಾಗಿ, "ಕಾರ್ಡ್ ಐತಲ್ಲ, ಯಾಕೆ ಹೆದರ್ತೀಯ?" ಎಂದರು.

ಹಳೆಯ ಕಾರ್ಡಿನ ಅವಧಿ ಆಗಷ್ಟೇ ಮುಗಿದು, ಡೈರಿಯಲ್ಲಿ ಹೊಸದಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದರು. ಇಬ್ಬರೂ ಹೋದೆವು. ಸೆಕ್ರೆಟರಿ ನಮ್ಮ ಬೀದಿಯವನೇ. ಕೂರಿಸಿ ನೀರು ಕೊಟ್ಟು, ತಲೆ ಕೆರೆದುಕೊಂಡ.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಹಾಲು ಹಾಕ್ತಾ ಇರೋ ಸದಸ್ಯರಿಗೆ ಮಾತ್ರ ಅಂತ ಸಂಘದಲ್ಲಿ ತೀರ್ಮಾನ ಆಗೈತೆ. ನಿಮ್ದು ಯುಗಾದಿಯಿಂದ ನಿಂತೋಗಿದೆ."

"ಏನಪ್ಪಾ, ಕಾರ್ಡಲ್ಲಿ ನನ್ನೆಸ್ರೂ ಇತ್ತಲ್ಲ?" ಎಂದರು ನಮ್ಮವರು.

"ಅಣ್ಣಾ, ಹಸು ಇದ್ರೆ ಅಕ್ಕ ಸದಸ್ಯೆ. ಅಕ್ಕ ಸದಸ್ಯೆ ಆದ್ರೆ ನೀವು ಕಾರ್ಡಲ್ಲಿ. ಈಗ ಹಸುನೇ ಇಲ್ಲ, ನೀವೆಲ್ಲಿಂದ ಬರ್ತೀರ?"

ಒಂದು ಬಾಗಿಲು ಮಾತ್ರ ತೆರೆದಿತ್ತು. ಹೆಸರು ಬರೆಸುವ ಕೊನೆಯ ದಿನದೊಳಗೆ ಮತ್ತೆ ಹಾಲು ಹಾಕಲು ಶುರುಮಾಡಿದರೆ ಹೆಸರು ಸೇರಿಸುತ್ತೇನೆ ಎಂದ. ಕೊನೆಯ ದಿನ ಬಹಳ ದೂರವೇನೂ ಇರಲಿಲ್ಲ. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅಷ್ಟು ಕಾಯುವ ಎದೆ ಅವರದಲ್ಲ. ಕಾರ್ಡಿಲ್ಲದೆ ಮಾಡಿಸಿದರೆ ಮುಕ್ಕಾಲು ಎಕರೆಯನ್ನೂ ಮಾರಬೇಕು. ಹಸುವಿನ ದುಡ್ಡಿನಲ್ಲಿ ಸೋಫಾ, ಸ್ಕ್ಯಾನು, ಮಾತ್ರೆ ಕಳೆದು ಉಳಿದದ್ದು ಬೇರೆ ಹಸು ಕೊಳ್ಳುವಷ್ಟಿರಲಿಲ್ಲ.

ದಾರಿಯಲ್ಲಿ ಅವರು ಅರಳಿಕಟ್ಟೆಯ ಮೇಲೆ ಕೂತರು. ಉಸಿರು ಸುಧಾರಿಸಿಕೊಂಡ ಮೇಲೆ ಹೇಳಿದರು: "ಟಿಕೆಟ್ ಇಲ್ದೆ ಒಬ್ರುನ್ನೂ ಬಸ್ ಹತ್ತುಸ್ದೋನಲ್ಲ ನಾನು. ಇಷ್ಟ್ ವರ್ಷ ನಿನ್ ಟಿಕೆಟ್ನಲ್ಲಿ ನಾನ್ ಕೂತಿದ್ನಾ?"

"ನಂದಲ್ಲ, ಹಸೂದು," ಎಂದೆ. ಇಬ್ಬರಿಗೂ ನಗು ಬಂತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲಿನದೇ ಮದ್ದಾಗಿತ್ತು, ಅದನ್ನು ಕೊಟ್ಟು ಸೋಫಾ ತಂದಿದ್ದೆವು.

ಮರುದಿನ ಅವರು ನನ್ನ ಮಾತು ಕೇಳದೆ ಕೆಂಚಾರ್ಲಹಳ್ಳಿಗೆ ಹೋದರು. ಕೊಂಡವನು "ಏಮನ್ನಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿ ಉಪಚಾರವೇನೋ ಮಾಡಿದನಂತೆ, ಹಸುವಿನ ವಿಷಯ ತೆಗೆದರೆ ಅವನ ಹೆಂಡತಿ ಕೊಟ್ಟಿಗೆಗೆ ಅಡ್ಡ ನಿಂತಳಂತೆ. ಅದು ಅವರ ಮನೆಗೆ ಹೋದ ಮೇಲೆ ಗಬ್ಬವಾಗಿ, ಅವರ ಸೊಸೆಯ ಬಾಣಂತನಕ್ಕೂ ಅದರ ಹಾಲೇ. ನಾನಾಗಿದ್ದರೂ ಕೊಡುತ್ತಿರಲಿಲ್ಲ. ಉಳಿದ ದುಡ್ಡಿನ ಜೊತೆ ಸೋಫಾವನ್ನೂ ಸೇರಿಸಿ ಕೊಡುತ್ತೇನೆ ಎಂದು ಇವರು ಹೇಳಿದ್ದನ್ನು ಆ ಊರಿನವರು ಈಗಲೂ ನೆನೆಸಿಕೊಂಡು ನಗುತ್ತಾರೆ.

ಬರಿಗೈಯಲ್ಲಿ ಬಂದು ಗೋಡೆ ನೋಡುತ್ತ ಕೂತಾಗ ನಾನು ಬಾಯಿಬಿಟ್ಟೆ. "ಒಂದ್ ಕಡಸು ಐತೆ."

"ಯಾರ್ದು?"

"ನಂದು."

ನಮ್ಮ ಹಸು ಹಿಂದೊಮ್ಮೆ ಹಾಕಿದ್ದ ಹೆಣ್ಣುಗರುವನ್ನು ಅಂಬಾಜಿದುರ್ಗದ ತಪ್ಪಲಿನಲ್ಲಿರುವ ನನ್ನ ತಂಗಿಗೆ ಪಾಲಿಗೆ ಕೊಟ್ಟಿದ್ದೆ. ಕರು ನಮ್ಮದು, ಮೇವು ಮತ್ತು ಸಾಕಣೆ ಅವಳದು, ದೊಡ್ಡದಾದ ಮೇಲೆ ಇಬ್ಬರಿಗೂ ಪಾಲು. ನಮ್ಮ ಕಡೆ ಹೆಂಗಸರ ಮಧ್ಯೆ ಇದು ನಡೆದೇ ಇದೆ. ಕರು ಕೊಟ್ಟಿಗೆಯಿಂದ ಹೋದದ್ದು ಇವರಿಗೆ ಗೊತ್ತೇ ಆಗಿರಲಿಲ್ಲ. ಕೊಟ್ಟಿಗೆ ಇವರ ರೂಟಿನಲ್ಲಿ ಇರಲಿಲ್ಲವಲ್ಲ.

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ಅದನ್ನೂ ಮಾರಿ ಮಂಚ ತರ್ತಿದ್ರಿ."

ತಂಗಿಯ ಮನೆಗೆ ಗೂಟದ ಹಳೆಯ ಹಗ್ಗ ಹಿಡಿದುಕೊಂಡೇ ಹೋದೆ. ಕಡಸು ತುಂಬಿದ ಗಬ್ಬ, ಅವಳು ಮಗುವಿನಂತೆ ಸಾಕಿದ್ದಳು. ಡೈರಿಯಲ್ಲಿ ಆದದ್ದನ್ನೆಲ್ಲ ಹೇಳಿ, ಹಗ್ಗವನ್ನು ಮಾತ್ರ ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಅವಳೇ ಅಂದಳು: "ಹೊಡ್ಕೊಂಡೋಗಕ್ಕಾ. ಕರು ಹೆಣ್ಣಾದ್ರೂ ಗಂಡಾದ್ರೂ ನಂಗೆ ಕೊಟ್ಬಿಡು. ಭಾವ ಚೆನ್ನಾಗಿರ್ಲಿ." ಟೆಂಪೋ ಹೊರಟಾಗ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ತಂಗಿಯ ಆ ಋಣ ನನ್ನ ಮೇಲೆ ಇನ್ನೂ ಇದೆ.

ಆಮೇಲಿನ ದಿನಗಳು ಈಯುವುದನ್ನು ಕಾಯುವ ದಿನಗಳು. ಕಡಸಿನ ಕೆಚ್ಚಲು ತುಂಬುತ್ತಿತ್ತು, ಕೊನೆಯ ದಿನ ಹತ್ತಿರ ಬರುತ್ತಿತ್ತು, ಕಡಸಿಗೆ ಮಾತ್ರ ಅವಸರವಿಲ್ಲ. ನಾನು ಕೊಟ್ಟಿಗೆಗೂ ಸೋಫಾಕ್ಕೂ ಓಡಾಡುತ್ತಿದ್ದೆ. ಎರಡು ಕಡೆಯೂ ಭಾರವಾದ ಉಸಿರು. ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಜಗಳವಾಡಲು ಆ ಮನುಷ್ಯ ಇಲ್ಲದ ಮನೆ ಹೇಗಿರುತ್ತದೆ ಎಂದು ಯೋಚಿಸಿ, ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ, ಹುಲ್ಲು ಹಾಕಲು ಎದ್ದು ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಸುಸೂತ್ರವಾಗಿ ಈಯಿತು. ಹೆಣ್ಣುಗರು. ಆದರೆ ಈದ ತಕ್ಷಣದ ಹಾಲನ್ನು ಡೈರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಗಿಣ್ಣು ಕಳೆಯಬೇಕು. ಬೀದಿಗೆಲ್ಲ ಗಿಣ್ಣು ಹಂಚಿದೆ. ನಮ್ಮವರಿಗೆ ತಾಳ್ಮೆ ತಪ್ಪಿತು.

"ಲೇ, ನಾಕ್ ಪ್ಯಾಕೆಟ್ ಹಾಲು ತಂದು ಕ್ಯಾನ್‌ಗೆ ಸುರಿದು ಹಾಕ್ಬಿಟ್ರೆ?"

"ಡೈರಿಯಿಂದ ಹೋದ ಹಾಲನ್ನ ತಿರುಗಿ ಡೈರಿಗೇ ಹಾಕ್ತೀರಾ? ಯಾರಾದ್ರೂ ಹಳೇ ಟಿಕೆಟ್ ಕೊಟ್ರೆ ನೀವ್ ಬಿಡ್ತಿದ್ರಾ?"

ಕ್ಯಾನಿಗೆ ಮುಚ್ಚಳ ಹಾಕಿಟ್ಟರು.

ಕೊನೆಯ ದಿನಕ್ಕೆ ಮುಂಚಿನ ಬೆಳಿಗ್ಗೆ ಡೈರಿಯ ಪರೀಕ್ಷೆಯಲ್ಲಿ ನಮ್ಮ ಹಾಲು ಪಾಸಾಯಿತು. ಸೆಕ್ರೆಟರಿ ಅಲ್ಲೇ ಹೆಸರು ಬರೆದುಕೊಂಡ. ನಾನು ಖಾಲಿ ಕ್ಯಾನು ಹಿಡಿದು ಮನೆಗೆ ಬಂದು, ಮೊದಲ ಸಲ ಆ ಸೋಫಾದ ಮೇಲೆ ಸಮಾಧಾನವಾಗಿ ಕೂತೆ. ಇಷ್ಟೆಲ್ಲ ಒದ್ದಾಡಿದ ಮೇಲೆ, ಎರಡು ದಿನ ಕಳೆಯುವುದರೊಳಗೆ ಸರ್ಕಾರ ಕೊನೆಯ ದಿನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿತು. ನಮ್ಮವರು ಸರ್ಕಾರವನ್ನು ಬೈದ ಮಾತು ಇಲ್ಲಿ ಬರೆಯುವಂತಿಲ್ಲ.

ಕಾರ್ಡು ಬಂದಾಗ ಸೆಕ್ರೆಟರಿ ಒಂದು ಬುದ್ಧಿಮಾತು ಹೇಳಿದ. "ಯಾರೋ ಒಳ್ಳೇ ಆಸ್ಪತ್ರೆ ಅಂದ್ರು ಅಂತ ನುಗ್ಬೇಡಿ. ಈ ವಿಮೆ ನಡಿಯೋ ಆಸ್ಪತ್ರೆಗೇ ಹೋಗಿ, ಮೊದ್ಲು ಕಾರ್ಡ್ ತೋರ್ಸಿ." ಮಗ ಬಂದು ವಿಚಾರಿಸಿ, ಅಂಥದ್ದೇ ಆಸ್ಪತ್ರೆಗೆ ಬೆಂಗಳೂರಿಗೆ ಕರೆದುಕೊಂಡು ಹೋದ. ಹಸುವನ್ನು ನೋಡಿಕೊಳ್ಳಲು ತಂಗಿ ಬಂದಿದ್ದಳು.

ಆಸ್ಪತ್ರೆಯ ಹಜಾರದಲ್ಲಿ ಬಸ್ ಸ್ಟ್ಯಾಂಡಿನಷ್ಟೇ ಜನ. ಮಗ ಗಾಡಿ ನಿಲ್ಲಿಸಿ ಬರಲು ಹೋಗಿದ್ದ. ನಾನು ಬೆಂಚಿನ ಮೇಲೆ ಗಂಟುಮೂಟೆ ಕಾಯುತ್ತಿದ್ದೆ, ಅವರೇ ನಿಧಾನಕ್ಕೆ ಕೌಂಟರಿಗೆ ಹೋಗಿ ಕಾರ್ಡು ಕೊಟ್ಟರು. ಒಳಗಿದ್ದ ಹುಡುಗಿ ಕಂಪ್ಯೂಟರ್ ನೋಡುತ್ತಲೇ ಕೇಳಿದಳು.

"ಸದಸ್ಯರ ಹೆಸರು ಹೇಳಿ."

ಅವರು ತಮ್ಮ ಹೆಸರು ಹೇಳಿದರು.

"ನಿಮ್ದಲ್ಲ ಅಂಕಲ್. ನೀವು ಯಾರ ಮೇಲೆ ಅವಲಂಬಿತರು, ಅವರ ಹೆಸರು."

ಅವರು ತಿರುಗಿ ನನ್ನ ಕಡೆ ನೋಡಿದರು. ನಾನು ಏಳಲು ಹೊರಟೆ. ಬೇಡ ಅನ್ನುವಂತೆ ಕೈ ಮಾಡಿ, ತಿರುಗಿ ಏನೋ ಗೊಣಗಿದರು. "ಕೇಳಿಸ್ತಿಲ್ಲ, ಜೋರಾಗಿ ಹೇಳಿ," ಎಂದಳು ಹುಡುಗಿ.

ಆಗ ಅವರು ಕೌಂಟರಿನ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಶಿಡ್ಲಘಟ್ಟದ ಸರ್ಕಲ್ಲಿನಲ್ಲಿ ಬಾಗಿಲಿಗೆ ಜೋತುಬಿದ್ದು ಕೂಗುತ್ತಿದ್ದ ಅದೇ ದನಿಯಲ್ಲಿ ನನ್ನ ಹೆಸರು ಕೂಗಿದರು. ಪೂರ್ತಿ ಹೆಸರು, ನನ್ನಪ್ಪ ಇಟ್ಟದ್ದು. ಇಡೀ ಹಜಾರ ತಿರುಗಿ ನೋಡಿತು. ನನ್ನ ಹೆಸರು ಅಷ್ಟು ಉದ್ದವಿದೆ, ಅಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ನನಗೆ ಅಳು ಬಂತು. ಆಪರೇಷನ್ ಆಗುತ್ತದೆ, ಈ ಮನುಷ್ಯ ಉಳಿಯುತ್ತಾನೆ ಎಂದು ನನ್ನ ಮನಸ್ಸಿಗೆ ಬಂದದ್ದು ಆ ಗಳಿಗೆಯಲ್ಲಿ, ಡಾಕ್ಟರು ಬಂದು ಹೇಳಿದ್ದು ಆಮೇಲೆ.

ಈಗ ಅವರು ಗುಣವಾಗಿದ್ದಾರೆ. ಭಾರ ಹೊರಬಾರದೆಂದು ಹೇಳಿರುವುದರಿಂದ ಕ್ಯಾನು ನಾನು ಹಿಡಿಯುತ್ತೇನೆ, ಪಾಸ್‌ಬುಕ್ಕು ಅವರು. ಡೈರಿಯ ಸಾಲಿನಲ್ಲಿ ನನ್ನ ಮುಂದೆ ನಿಂತು, ಯಾರೂ ಕೇಳದಿದ್ದರೂ, ಯಾರ ಹಾಲು ಎಂದು ಹೆಸರು ಕೂಗಿ ಹೇಳುತ್ತಾರೆ. ಮನೆಗೆ ಬಂದ ಮೇಲೆ ಮತ್ತೆ ಅದೇ 'ಲೇ'.