ತಲೆಕೆಳಗಾಗಿ ನೇತಾಡುತ್ತಿದ್ದ ರಾಜ

ನಮ್ಮ ಮನೆಯೊಡತಿ ಬಾ ಆ ಸರವನ್ನು ತಂದು, ಓಣಿಯ ಚೌಕದಲ್ಲಿ ಯುದ್ಧನಿಧಿಗೆಂದು ನಾಲ್ಕು ಜನ ಮೂಲೆ ಹಿಡಿದು ನಿಂತಿದ್ದ ಬಿಳಿ ಚಾದರದೊಳಗೆ ಹಾಕಿದಾಗ ನನ್ನ ಬಾಯಿಂದ “ಅಯ್ಯೋ” ಅಂತ ಹೊರಬಿದ್ದುಬಿಟ್ಟಿತು. ಪುಣ್ಯಕ್ಕೆ ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಜಯಕಾರ ಹಾಕುತ್ತಿದ್ದರು. ಚೀನಾದ ಸೈನ್ಯ ಗಡಿ ದಾಟಿ ಇಳಿದುಬರುತ್ತಿದ್ದ ದಿನಗಳು ಅವು. ನಿನ್ನೆಯವರೆಗೆ ಅಣ್ಣತಮ್ಮಂದಿರು ಅಂತ ನಾವು ಹಾಡಿ ಹೊಗಳಿದವರೇ ಹೀಗೆ ಮಾಡಿದರಲ್ಲ ಎಂದು ದಿಗಿಲು ಬಿದ್ದ ಅಹಮದಾಬಾದ್ ಬಳೆ, ಉಂಗುರ, ಮೂಗುತಿಗಳನ್ನು ಬಿಚ್ಚಿ ಬಿಚ್ಚಿ ಕೊಡುತ್ತಿತ್ತು.

ನಾನಾಗ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಧಾರವಾಡದಿಂದ ವರ್ಗವಾಗಿ ಹೆಂಡತಿಯೊಂದಿಗೆ ಬಂದು, ಹಳೇ ಊರಿನ ಇಕ್ಕಟ್ಟಾದ ಓಣಿಯಲ್ಲಿ ಬಾ ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ನಮಗೆ ಅದು ಗೊತ್ತಿರಲಿಲ್ಲ. ಮೊದಲ ದಿನ ಪಕ್ಕದ ಮನೆಯವರು “ಬಾ, ಓ ಬಾ” ಅಂತ ಕೂಗಿದರೆ ನನ್ನ ಹೆಂಡತಿ ತನ್ನನ್ನೇ ಕರೆಯುತ್ತಿದ್ದಾರೆಂದು ಓಡಿಹೋಗಿ ಅವರೆದುರು ನಿಂತಿದ್ದಳು. ಬಾ ನಕ್ಕು ಅವಳ ಕೈಗೆ ಒಂದು ತಟ್ಟೆ ಢೋಕ್ಳಾ ಕೊಟ್ಟು ಕಳಿಸಿದ್ದರು. ಅವರು ಮಾತಾಡುತ್ತಿದ್ದುದೆಲ್ಲ ಗುಜರಾತಿ. ನನ್ನ ನೆನಪಿನಲ್ಲಿ ಮಾತ್ರ ಅದು ನಮ್ಮ ಧಾರವಾಡದ ಕನ್ನಡವಾಗಿಯೇ ಉಳಿದಿದೆ.

ಆ ಊರಿನಲ್ಲಿ ನನಗೆ ಹಳೆಯ ಇಂಗ್ಲಿಷ್ ನಾಣ್ಯ ಕೂಡಿಸುವ ಹುಚ್ಚು ಹತ್ತಿತು. ಸಾಬರಮತಿಯ ಮರಳಿನಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತಿತ್ತು. ಗಿರಣಿಗಳಲ್ಲಿ ಯಂತ್ರ ಜೋಡಿಸಲು ವಿಲಾಯತಿಯಿಂದ ಬಂದಿದ್ದ ಮೆಕ್ಯಾನಿಕ್‌ಗಳು ಬಿಟ್ಟುಹೋದ ತಾಮ್ರದ ಪೆನ್ನಿ, ಬೆಳ್ಳಿಯ ಶಿಲ್ಲಿಂಗ್‌ಗಳು ಅಲ್ಲಿ ತುಕ್ಕು ಹಿಡಿದ ಬೀಗದ ಕೈಗಳ ನಡುವೆ ಸಿಗುತ್ತಿದ್ದವು. “ಗುಲಾಮಗಿರಿಯ ಗುರುತು ಯಾಕೆ ಕೂಡಿಸ್ತೀರಿ?” ಎಂದು ಆಫೀಸಿನಲ್ಲಿ ಕೇಳುತ್ತಿದ್ದರು. ಅಷ್ಟು ದೂರದಿಂದ ಯಾರದೋ ಜೇಬಿನಲ್ಲಿ ಬಂದದ್ದು ಈಗ ನನ್ನ ಅಂಗೈಯಲ್ಲಿದೆ ಎಂಬುದೇ ನನಗೆ ಸಾಕಾಗಿತ್ತು.

ಈ ಹುಚ್ಚು ತಿಳಿದ ಬಾ ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಸರವೊಂದನ್ನು ತೆಗೆದು ತೋರಿಸಿದರು. ಹತ್ತು ಸವರನ್‌ಗಳ, ಅಂದರೆ ಇಂಗ್ಲಿಷ್ ಬಂಗಾರದ ನಾಣ್ಯಗಳ ಸರ. ಮದುವೆಯಲ್ಲಿ ಗಂಡ ಹಾಕಿದ್ದು. ಅವರು ತೀರಿಹೋದ ಮೇಲೆ ಬಾ ಅದನ್ನು ಧರಿಸಿರಲಿಲ್ಲ. ಒಂಬತ್ತರಲ್ಲಿ ಹಿಂದಿನ ಶತಮಾನದ ಇಂಗ್ಲೆಂಡಿನ ರಾಣಿಯ ಮುಖ, ಹಿಂಬದಿಗೆ ಕುದುರೆ ಸವಾರ. ಹತ್ತನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಅದರಲ್ಲಿದ್ದದ್ದು ರಾಣಿಗಿಂತ ಮುಂಚೆ ಏಳೇ ವರ್ಷ ಆಳಿದ ಅವಳ ದೊಡ್ಡಪ್ಪ, ಹಿಂಬದಿಗೆ ಗುರಾಣಿ. ಅಲ್ಲಿಯವರೆಗೆ ಪುಸ್ತಕದಲ್ಲಷ್ಟೇ ನೋಡಿದ್ದ ನಾಣ್ಯ. ಅಕ್ಕಸಾಲಿಗ ಕೊಂಡಿಯನ್ನು ತಲೆಯ ಮೇಲೆ ಬೆಸೆಯುವ ಬದಲು ಕತ್ತಿನ ಕೆಳಗೆ ಬೆಸೆದುಬಿಟ್ಟಿದ್ದ. ಹಾಗಾಗಿ ರಾಜ ತಲೆಕೆಳಗಾಗಿ ನೇತಾಡುತ್ತಿದ್ದ.

“ಮೂವತ್ತು ವರ್ಷ ನನ್ನ ಎದಿ ಮ್ಯಾಲೆ ಹಿಂಗ ಜೋತಾಡ್ಯಾನ,” ಎಂದು ಬಾ ನಕ್ಕರು. “ಪಾಪ, ತಲಿ ತಿರುಗಿರಬೇಕು ಅವಗ.”

ಚಾದರ ಹಿಡಿದು ಬರುತ್ತಾರೆಂಬ ಸುದ್ದಿ ಬಂದ ದಿನ ನಾನು ಅವರನ್ನು ಬೇಡಿಕೊಂಡೆ. “ಬಾ, ಈ ಒಂದನ್ನ ನನಗ ಕೊಡ್ರಿ. ಇದರ ಬದಲಿಗೆ ಇಷ್ಟೇ ತೂಕದ್ದು ಇನ್ನೊಂದು ತಂದು ಹಾಕ್ತೀನಿ. ಸಿಪಾಯಿಗೋಳಿಗೆ ಏನೂ ಕಡಿಮಿ ಆಗೂದಿಲ್ಲ.”

“ಸರಾ ಕೊಡ್ತೀನಿ ಅಂತ ದೇವರ ಮುಂದ ಹೇಳೇನಿ, ದೀಕ್ರಾ. ಅದರಾಗ ಒಂದ ಹೆಕ್ಕಿ ಇಟಗೊಂಡರ ಹೆಂಗ?”

ದೀಕ್ರಾ ಎಂದರೆ ಮಗ. ಆ ಪದ ಕೇಳಿದ ಮೇಲೆ ವಾದ ಮಾಡಲಾಗಲಿಲ್ಲ. ಚಾದರದ ಪಕ್ಕ ನಿಂತು ಕೊಟ್ಟವರಿಗೆಲ್ಲ ಕೈಮುಗಿಯುತ್ತಿದ್ದವನು ನಮ್ಮ ಓಣಿಯ ಮುಖಂಡ. ಬಿಳಿ ಟೋಪಿ, ಒದ್ದೆ ಕಣ್ಣು. ಬಾ ಅವರ ಕಾಲನ್ನೂ ಮುಟ್ಟಿದ.

ಯುದ್ಧ ನಿಂತ ಸ್ವಲ್ಪ ದಿನಕ್ಕೆ ಬಂಗಾರ ನಿಯಂತ್ರಣದ ಆಜ್ಞೆ ಹೊರಟಿತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡುವಂತಿಲ್ಲ. ಒಡವೆಯಲ್ಲದ ಬಂಗಾರ ಹೆಚ್ಚಿದ್ದರೆ ಸರಕಾರಕ್ಕೆ ತಿಳಿಸಬೇಕು. ಮಾಣೆಕ್ ಚೌಕದ ಅಕ್ಕಸಾಲಿಗರ ಕುಲುಮೆಗಳು ಆರಿದವು. ನನಗೆ ನಾಣ್ಯಗಳ ಬಗ್ಗೆ ಹೇಳಿಕೊಡುತ್ತಿದ್ದ ಹಿರಿಯ ಅಕ್ಕಸಾಲಿಗರೊಬ್ಬರು ರಸ್ತೆಬದಿ ಬದನೆಕಾಯಿ ಮಾರುತ್ತ ಕೂತದ್ದನ್ನು ನೋಡಿದೆ. ಅವರು ಮುಖ ತಿರುಗಿಸಿಕೊಂಡರು, ನಾನೂ ಹಾಗೆಯೇ ಮುಂದೆ ಹೋದೆ. ದೆಹಲಿಯಲ್ಲಿ ಕೂತು ಬರೆದ ಒಂದು ಕಾಗದ ಇಷ್ಟು ಜನರ ಕೈ ಕಟ್ಟಿಹಾಕಬಲ್ಲದೆಂದು ನನಗೆ ಅವತ್ತೇ ತಿಳಿದದ್ದು.

ಮುಂದೆ ನನಗೆ ಬರೋಡಾಕ್ಕೆ ವರ್ಗವಾಯಿತು. ಕಚೇರಿಯ ಕೆಲಸಕ್ಕೆ ಆಗಾಗ ಸೂರತ್‌ಗೆ ಹೋಗಬೇಕಾಗುತ್ತಿತ್ತು. ಅಲ್ಲೊಬ್ಬ ಜರಿ ವ್ಯಾಪಾರಿ, ಪಾಲಿಸಿಯ ಕಾಗದಗಳಿಗೆ ಸಹಿ ಹಾಕುತ್ತ ಹಾಕುತ್ತ ನನ್ನ ನಾಣ್ಯದ ಹುಚ್ಚಿನ ವಿಷಯ ಕೇಳಿ, ತಾನೂ ಕೆಲವನ್ನು ಇಟ್ಟುಕೊಂಡಿದ್ದೇನೆಂದು ಮಖಮಲ್ಲಿನ ಡಬ್ಬಿ ತೆರೆದ. ಮೊದಲ ಸಾಲಿನಲ್ಲೇ ರಾಣಿಯ ದೊಡ್ಡಪ್ಪ ಮಲಗಿದ್ದ. ಕೊಂಡಿಯನ್ನು ಉಜ್ಜಿ ತೆಗೆದಿದ್ದರು. ಕತ್ತಿನ ಕೆಳಗೆ ಬೆಸುಗೆಯ ಕಲೆ ಹಾಗೆಯೇ ಇತ್ತು.

“ಇದು ಎಲ್ಲಿಂದ ಬಂತು?” ಎಂದು ಕೇಳಿದೆ.

“ನಿಮ್ಮ ಅಹಮದಾಬಾದಿನಿಂದಲೇ, ಸಾಹೇಬ್.” ಅವನು ಹೇಳಿದ್ದು ನಮ್ಮ ಮುಖಂಡನ ಭಾವಮೈದುನನ ಹೆಸರು. “ಹತ್ತು ತಂದಿದ್ದ. ಒಂಬತ್ತನ್ನು ಕರಗಿಸಿದೆ. ಇದು ಬೇರೆ ಥರ ಕಂಡಿತು, ಇಟ್ಟುಕೊಂಡೆ.”

ಚಹಾದ ಬಟ್ಟಲನ್ನು ಕೆಳಗಿಟ್ಟೆ. “ಇದು ಯುದ್ಧಕ್ಕೆಂದು ಒಬ್ಬ ಮುದುಕಿ ಕೊಟ್ಟದ್ದು,” ಎಂದೆ. ವ್ಯಾಪಾರಿಯ ಮುಖ ಬಿಳಿಚಿಕೊಂಡಿತು. ತನ್ನ ಬಂಗಾರದ ಲೆಕ್ಕವನ್ನು ಅವನು ಸರಕಾರಕ್ಕೆ ತಿಳಿಸಿರಲಿಲ್ಲವೆಂದು ಕಾಣುತ್ತದೆ. ನಾಣ್ಯವನ್ನು ತೆಗೆದು ನನ್ನ ಅಂಗಿಯ ಜೇಬಿಗೆ ತುರುಕಿದ. “ತಗೊಂಡು ಹೋಗಿ. ನಾನು ತೋರಿಸಿಲ್ಲ, ನೀವು ನೋಡಿಲ್ಲ.”

ರೈಲಿನಲ್ಲಿ ಭರೂಚ್ ದಾಟುವವರೆಗೂ ಸಿಟ್ಟಿನಿಂದ ಕುದಿಯುತ್ತಿದ್ದೆ. ಆಮೇಲೆ ಜೇಬಿಗೆ ಕೈ ಹಾಕಿ ನಾಣ್ಯವನ್ನು ಮುಟ್ಟಿ ನೋಡಿದೆ. ಮತ್ತೆ ಮುಟ್ಟಿದೆ. ಸಿಟ್ಟು ಎಲ್ಲೋ ಹೋಗಿ ಒಳಗೊಳಗೇ ಖುಷಿ ಏಳುತ್ತಿತ್ತು. ಬರೋಡಾ ತಲುಪಿದ ಮೇಲೆ ಅದನ್ನು ನನ್ನ ಪೆನ್ನಿಗಳಿದ್ದ ತಗಡಿನ ಡಬ್ಬಿಯಲ್ಲಿಟ್ಟೆ. ಬಾ ಅವರಿಗೆ ಪತ್ರ ಬರೆಯಲಿಲ್ಲ. ಮುದುಕಿಯ ಮನಸ್ಸು ಯಾಕೆ ನೋಯಿಸಬೇಕೆಂದು ನನಗೆ ನಾನೇ ಹೇಳಿಕೊಂಡೆ.

ಮೂರು ವಾರದ ನಂತರ ಡಬ್ಬಿ ಒರೆಸಿಡುತ್ತಿದ್ದ ಹೆಂಡತಿ ಅದನ್ನು ಹಿಡಿದುಕೊಂಡು ಬಂದಳು.

“ಇದು ಬಾ ಅವರ ರಾಜಾ ಅಲ್ಲೇನ್ರೀ?”

ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ನೆಲದ ಮೇಲೆ ಕೂತುಬಿಟ್ಟಳು. “ಮೂರು ವಾರದಿಂದ ಇಟಗೊಂಡೀರಿ? ಹಂಗಾರ ಆ ಮುಖಂಡಗೂ ನಿಮಗೂ ಏನ್ರೀ ಫರಕು?”

ಕಪಾಳಕ್ಕೆ ಹೊಡೆದಂತಾಯಿತು. ಆ ಮಾತು ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲವೆಂಬುದೇ ನನ್ನನ್ನು ಹೆಚ್ಚು ಹೆದರಿಸಿತು.

ಆ ಭಾನುವಾರವೇ ಅಹಮದಾಬಾದಿಗೆ ಹೋದೆ. ಮುನಿಸಿಪಾಲಿಟಿ ಚುನಾವಣೆಯ ಸಮಯ. ಓಣಿಯ ಬಾಗಿಲಲ್ಲೇ ಮುಖಂಡನ ಭಿತ್ತಿಪತ್ರ, ಅವನೇ ಅಭ್ಯರ್ಥಿ. ಬಾ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು, ತಲೆಕೆಳಗೆ ಮಾಡಿ, ಆಮೇಲೆ ಗುರುತು ಹಿಡಿದರು. ಅದು ಸೂರತ್‌ಗೆ ಹೋದ ಬಗೆಯನ್ನೂ, ನಾನು ಮೂರು ವಾರ ಇಟ್ಟುಕೊಂಡದ್ದನ್ನೂ ಹೇಳಿದೆ. ಅವರು ನನ್ನತ್ತ ನೋಡಲಿಲ್ಲ. ಜಪಮಾಲೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ನೇರ ಹೋಗಿ ಮುಖಂಡನ ಮನೆಯ ಜಗಲಿಯ ಮೇಲೆ ಕೂತರು.

ಅವನು ನಗುತ್ತ ಹೊರಬಂದ. “ಒಳಗ ಬರ್ರಿ ಬಾ, ಚಹಾ ಕುಡೀರಿ.”

“ಚಹಾ ಬ್ಯಾಡ.” ಬಾ ಅಂಗೈ ತೆರೆದರು. “ಈ ರಾಜಾ ಯಾವ ಸಿಪಾಯಿ ಹತ್ರ ಹೋಗಿ ಬಂದಾನ, ಅಷ್ಟ ಹೇಳು.”

ಜನ ಸೇರಿದರು. ಅವನು ಮೊದಲು ನಕ್ಕ. ಆಮೇಲೆ ಭಾವಮೈದುನ ಗೊತ್ತಿಲ್ಲದೆ ಏನೋ ಮಾಡಿರಬೇಕೆಂದ. ಗುಂಪಿನಿಂದ ಒಬ್ಬಾಕೆ, “ನನ್ನ ಬಂಗಾರದ ಬಳಿಗೋಳು ಎಲ್ಲಿ ಅದಾವು?” ಎಂದು ಕೇಳಿದಳು. ಇನ್ನೊಬ್ಬಾಕೆ, “ನನ್ನ ಮಗಳ ಜುಮಕಿ?” ಎಂದಳು. ಅವನು ಒಳಗೆ ಹೋಗಿ ಅಗಳಿ ಹಾಕಿಕೊಂಡ. ಸಂಜೆಯ ಆರತಿಯ ಗಂಟೆ ಬಾರಿಸುವವರೆಗೆ ಬಾ ಒಂದು ಹನಿ ನೀರೂ ಮುಟ್ಟದೆ ಅಲ್ಲಿಯೇ ಕೂತಿದ್ದರು. ಸುತ್ತ ಓಣಿಯ ಅಷ್ಟೂ ಹೆಂಗಸರು. ಮುಗಿಯಿತು ಇವನ ಕಥೆ ಎಂದುಕೊಂಡು ನಾನು ಬರೋಡಾದ ರೈಲು ಹತ್ತಿದೆ.

ಚುನಾವಣೆಯಲ್ಲಿ ಅವನು ಗೆದ್ದ.

ಪತ್ರಿಕೆಯಲ್ಲಿ ಅದನ್ನು ಎರಡು ಸಲ ಓದಿದೆ. ನಂಬಲಾಗದೆ ಮುಂದಿನ ವಾರ ಬಾ ಅವರ ಮುಂದೆ ಹೋಗಿ ನಿಂತು, “ಜನರಿಗೆ ಗೊತ್ತಿರಲಿಲ್ಲೇನು?” ಎಂದು ಕೇಳಿದೆ.

“ಗೊತ್ತಿತ್ತು, ದೀಕ್ರಾ,” ಎಂದರು ಬಾ, ಅಕ್ಕಿ ಆರಿಸುತ್ತ. “ಗೊತ್ತಿದ್ದೂ ಓಟ ಹಾಕ್ಯಾರ.”

ಆಮೇಲೆ ಪಾಕಿಸ್ತಾನದ ಜೊತೆ ಯುದ್ಧ ಬಂತು. ಕಿಟಕಿಗಳಿಗೆ ಕಪ್ಪು ಕಾಗದ, ಪ್ರಧಾನಿ ಕರೆಕೊಟ್ಟಂತೆ ಸೋಮವಾರ ಒಂದು ಹೊತ್ತು ಉಪವಾಸ. ಬಾ ನನಗೆ ಹೇಳಿಕಳಿಸಿದರು. ಹೋದರೆ ಆ ನಾಣ್ಯವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಸಿದ್ಧರಾಗಿದ್ದರು.

“ಮತ್ತ ಕೊಡ್ತೀರಿ?” ನನಗೆ ತಡೆಯಲಾಗಲಿಲ್ಲ. “ಅಷ್ಟೆಲ್ಲ ಆದ ಮ್ಯಾಲೂ?”

“ಅವ ಕದ್ದಾನ ಅಂತ ನಾ ಕೊಡೂದು ಬಿಡಲೇನು? ಈ ಸಲ ಸರಕಾರದ ಕಚೇರಿಗೇ ಹೋಗೂಣು. ಕೈಯಾಗ ಚೀಟಿ ತಗೊಳ್ಳೂಣು. ನನಗ ಓದಾಕ ಬರೂದಿಲ್ಲ, ನೀ ಓದಿ ಹೇಳು.”

ಕಚೇರಿಯ ಗುಮಾಸ್ತ ನಾಣ್ಯವನ್ನು ತಕ್ಕಡಿಗೆ ಹಾಕಿದ. ಮುಖದ ಕಡೆ ಅವನು ನೋಡಲೂ ಇಲ್ಲ. ನೂರಾ ಮೂವತ್ತು ವರ್ಷ ಹಳೆಯದು, ಬದಿಗಿಡಿ ಎಂದು ಹೇಳಲು ಬಾಯಿ ತೆರೆದೆ. ಬಾ ನನ್ನ ತೋಳು ಒತ್ತಿದರು. ಚೀಟಿ ಬಂತು.

“ಏನ ಬರದಾರ?”

“ಬಂಗಾರ, ಒಂದು ತುಂಡು, ಎಂಟು ಗ್ರಾಂ.”

“ಬರೋಬರಿ ಐತಿ,” ಎಂದು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವರು ಸಕ್ಕರೆಯ ಪಡಿತರದ ಬಗ್ಗೆ, ಸೊಸೆಯ ಹಲ್ಲುನೋವಿನ ಬಗ್ಗೆ ಮಾತಾಡಿದರು. ನಾನು ಮಾತ್ರ ಓಣಿ ಬರುವವರೆಗೂ ಅಂಗಿಯ ಖಾಲಿ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೆ.