ತಾಯಿ ಖಾನಾವಳಿಯ ಅಕ್ಕ

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಅಕ್ಕ, ಯಾರು ಏನೇ ಕೇಳಿದರೂ "ಮೊದ್ಲು ಉಣ್ರಿ" ಎನ್ನುತ್ತಿದ್ದಳು. ಬೋರ್ಡಿನ 'ತಾಯಿ'ಯನ್ನು ಪೇಂಟರ್ ಇಂಗ್ಲಿಷಿನಲ್ಲಿ 'ಥಾಯ್' ಮಾಡಿಟ್ಟಿದ್ದ. ಹಂಪಿಗೆ ಹೊರಟಿದ್ದ ಫಾರಿನ್ನಿನವನೊಬ್ಬ ಅದನ್ನು ಓದಿ, ಥಾಯ್ಲೆಂಡ್ ಊಟ ಸಿಗುತ್ತದೆಂದು ನಂಬಿ ಒಳಗೆ ಬಂದು ನೂಡಲ್ಸ್ ಕೇಳಿದ. ಅಕ್ಕ ಸೆರಗು ಸಿಕ್ಕಿಸಿ, ಶಾವಿಗೆ ಬಸಿದು, ಬೆಲ್ಲ ತುಪ್ಪ ಸುರಿದು ಇಟ್ಟಳು.

ಒಂದು ತುತ್ತು ತಿಂದವನೇ ತಲೆಯಾಡಿಸಿದ. "ನೋ ನೋ, ನಾಟ್ ಥಾಯ್!"

"ಏನಂತಾನ ಇವ?" ಅಕ್ಕ ಪಕ್ಕದ ಟೇಬಲ್ಲಿನಲ್ಲಿ ಉಣ್ಣುತ್ತಿದ್ದ ನನ್ನನ್ನು ಕೇಳಿದಳು.

"ನೀವು ತಾಯಿ ಅಲ್ಲಂತ," ಎಂದೆ, ನಗು ತಡೆದುಕೊಂಡು.

ಅಕ್ಕನ ಸೌಟು ಮೇಲೆದ್ದಿತು. "ನಾಕು ಮಕ್ಳನ್ನ ಹಡದೀನಿ! ಇವ ಯಾವನು ಹೇಳಾಕ?"

ಬೆದರಿ ಎದ್ದವನನ್ನು ಭುಜ ಒತ್ತಿ ಕೂರಿಸಿದಳು. ತಟ್ಟೆಗೆ ಇನ್ನಷ್ಟು ತುಪ್ಪ ಸುರಿದಳು.

"ಮೊದ್ಲು ಉಣ್ಣಲೇ, ಮಗನ!"