ಬಲದವಡೆಯ ಎರಡು ಹಲ್ಲು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಉತ್ತರ ತಪ್ಪಾದರೆ ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ಹುಡುಕುವುದು ನನ್ನ ಅಭ್ಯಾಸ. ಆದರೆ ಐದು ವರ್ಷದ ಮೊಮ್ಮಗಳ ಹಲ್ಲು ಹುಳುಕಾದಾಗ ನಾನು ಹುಡುಕಲು ಹೋಗಲೇ ಇಲ್ಲ. ತಪ್ಪು ಸೊಸೆಯದು ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸಿಬಿಟ್ಟೆ.

ಚಾಮರಾಜಪುರಂನ ನಮ್ಮ ಮನೆಯಲ್ಲಿ ಇರುವುದು ನಾಲ್ಕೇ ಜನ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮಗು ನನ್ನ ಸುಪರ್ದಿಗೆ. ಸ್ನಾನ, ಜಡೆ, ಊಟ ಎಲ್ಲ ನನ್ನದೇ. ಹಲ್ಲುಜ್ಜಿಸುವುದಂತೂ ಯಾರಿಗೂ ಬಿಡುತ್ತಿರಲಿಲ್ಲ. ಎದ್ದ ತಕ್ಷಣ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಬಟಾಣಿ ಕಾಳಿನಷ್ಟು ಪೇಸ್ಟು ಹಾಕಿ ನಾನೇ ಬ್ರಶ್ ಹಿಡಿದು ಉಜ್ಜುತ್ತಿದ್ದೆ. ಮಗುವಿನ ಕೈಗೇ ಬ್ರಶ್ ಕೊಟ್ಟು ಟಿವಿ ಮುಂದೆ ಕೂರಿಸುವ ಅಜ್ಜಿಯರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಇನ್ನು ಸೊಸೆ ಮಾಡುತ್ತಿದ್ದುದೆಂದರೆ, ವಾರಕ್ಕೊಮ್ಮೆ ಬ್ಯಾಂಕಿನಿಂದ ಬರುವಾಗ ಒಂದು ಚಾಕಲೇಟು ತರುವುದು. ನನಗೆ ಅಷ್ಟು ಸಾಕಿತ್ತು.

ಒಂದು ಮಧ್ಯಾಹ್ನ ಮಗು ಕೋಡುಬಳೆ ಕಡಿದು ಕಿರುಚಿಕೊಂಡಿತು. ಬಾಯಿ ತೆರೆಸಿ ನೋಡಿದೆ. ಕೆಳಗಿನ ಬಲದವಡೆಯಲ್ಲಿ ಒಂದು ಹಲ್ಲಿನ ನೆತ್ತಿ ಕಪ್ಪಾಗಿ ಕುಳಿ ಬಿದ್ದಿತ್ತು, ಪಕ್ಕದ ವಸಡು ಊದಿತ್ತು. ಸಂಜೆ ಸೊಸೆ ಚಪ್ಪಲಿ ಬಿಡುವುದಕ್ಕೂ ಬಿಡದೆ ಶುರುಮಾಡಿದೆ.

"ನೋಡು, ನಿನ್ನ ಚಾಕಲೇಟಿನ ಪ್ರತಾಪ. ಹೇಳಿದ್ರೆ ಒಂದ್ಸಲಾದ್ರೂ ಕೇಳ್ತೀಯಾ?"

"ಇನ್ಮೇಲೆ ತರಲ್ಲ ಅತ್ತೆ," ಎಂದಳು, ಅಷ್ಟೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊಬೈಲಿನ ಟಾರ್ಚು ಹಾಕಿ ಬಹಳ ಹೊತ್ತು ನೋಡಿದಳು. ತಪ್ಪು ಒಪ್ಪಿಕೊಂಡಳು ಎಂದುಕೊಂಡೆ ನಾನು.

ಮಗ ಮಾತ್ರ, "ಹಾಲುಹಲ್ಲು ತಾನೇ, ಹೇಗೂ ಬಿದ್ದೋಗುತ್ತೆ ಬಿಡಮ್ಮ," ಎಂದು ನನ್ನ ಕೈಲಿ ಬೈಸಿಕೊಂಡ.

ಮಾರನೆಯ ದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗುವನ್ನು ಆಟೋದಲ್ಲಿ ಕೂರಿಸಿಕೊಂಡು ಲಕ್ಷ್ಮೀಪುರಂನಲ್ಲಿರುವ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಆಕೆ ಕೇಳುವ ಮೊದಲೇ ರೋಗದ ಕಾರಣವನ್ನೂ ಹೇಳಿಬಿಟ್ಟೆ. ಆಕೆ ಪುಟ್ಟ ಕನ್ನಡಿ ಹಿಡಿದು ಮೇಲೆ ಕೆಳಗೆ ನೋಡಿದರು.

"ಅಮ್ಮ, ಎಡಗಡೆ ಹಲ್ಲೆಲ್ಲ ಮುತ್ತಿನ ಹಾಗಿದೆ. ನೀವು ಚೆನ್ನಾಗೇ ಉಜ್ಜಿದ್ದೀರ. ಬಲಗಡೆ ಎರಡೇ ಹಾಳಾಗಿರೋದು. ವಾರಕ್ಕೊಂದು ಚಾಕಲೇಟಿಂದ ಹೀಗೆ ಒಂದೇ ಕಡೆ ಆಗೋದು ಕಮ್ಮಿ," ಎಂದು ಮಗುವಿನ ಕಡೆ ತಿರುಗಿದರು. "ಪುಟ್ಟಿ, ಈ ಕೆನ್ನೇಲಿ ಏನಿಟ್ಕೋತೀಯ?"

"ಕಲ್ಲುಸಕ್ಕರೆ," ಎಂದಿತು ಮಗು. "ದೇವರ ಪ್ರಸಾದ. ಕಡೀಬಾರ್ದು ಅಂತ ಅಜ್ಜಿ ಹೇಳಿದ್ದಾರೆ. ನಾನು ಒಂದಿನಾನೂ ಕಡಿದಿಲ್ಲ."

ಹೆಮ್ಮೆಯಿಂದಲೇ ಹೇಳಿತು. ಬೆಳಿಗ್ಗೆ ಮಂಗಳಾರತಿ ಆದ ಮೇಲೆ ಒಂದು ಹರಳು, ಸಂಜೆ ದೀಪ ಹಚ್ಚಿದ ಮೇಲೆ ಒಂದು ಹರಳು, ದಿನವೂ ನಾನೇ ಅದರ ಅಂಗೈಗೆ ಹಾಕುತ್ತಿದ್ದೆ. ಪ್ರಸಾದವನ್ನು ಕಟಕಟ ಕಡಿಯಬಾರದು, ಬಾಯಲ್ಲೇ ಕರಗಬೇಕು ಎಂದು ನನ್ನ ಅಜ್ಜಿ ನನಗೆ ಕಲಿಸಿದ್ದನ್ನೇ ನಾನು ಇದಕ್ಕೂ ಕಲಿಸಿದ್ದೆ. ವಿಧೇಯ ಮಗು. ಹಲ್ಲುಜ್ಜಿ, ಪೂಜೆಗೆ ಕೂತು, ಹರಳನ್ನು ಬಲಗೆನ್ನೆಗೆ ಸೇರಿಸಿಕೊಂಡರೆ ಸ್ಕೂಲ್ ವ್ಯಾನು ಬರುವವರೆಗೂ ಅಲ್ಲೇ ಇರುತ್ತಿತ್ತು. ಎರಡು ವರ್ಷದಿಂದ.

ಬಿದ್ದುಹೋಗುವ ಹಲ್ಲು ತಾನೇ ಎಂದು ಮಗ ಹೇಳಿದ ಮಾತನ್ನು ಕೇಳಿಯೇಬಿಟ್ಟೆ. ಡಾಕ್ಟರು ತಲೆಯಾಡಿಸಿದರು. ಈ ದವಡೆ ಹಲ್ಲುಗಳು ಹತ್ತು ಹನ್ನೊಂದು ವರ್ಷದವರೆಗೂ ಇರಬೇಕಂತೆ. ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುವುದು ಇವೇ ಅಂತೆ. ಒಂದಕ್ಕೆ ಸಿಮೆಂಟು ತುಂಬಿದರೆ ಸಾಕು, ಇನ್ನೊಂದರ ಒಳಗಿನ ಕೊಳೆ ತೆಗೆದು ಮೇಲೆ ಸ್ಟೀಲಿನ ಟೋಪಿ ಹಾಕಬೇಕು, ಎರಡನ್ನೂ ಉಳಿಸಬಹುದು ಎಂದರು. ಪ್ರಸಾದಕ್ಕೆ ಹಣ್ಣಿನ ಚೂರು ಕೊಡಿ ಎಂದರು. ಕೊಬ್ಬರಿ ಚೂರು ನೈವೇದ್ಯ ಮಾಡಿದರೆ ದೇವರೇನೂ ಬೇಡ ಅನ್ನುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

ಆಟೋದಲ್ಲಿ ಬರುವಾಗ ನನಗೊಂದು ಯೋಚನೆ ಬಂತು, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಗೊತ್ತು. ನಾಳೆಯಿಂದ ಕಲ್ಲುಸಕ್ಕರೆ ಡಬ್ಬಿ ಎತ್ತಿಟ್ಟರೆ ಮುಗಿಯಿತು, ಸೊಸೆಯ ಚಾಕಲೇಟು ಹೇಗಿದ್ದರೂ ನಿಂತಿದೆ. ಆ ಯೋಚನೆಗೆ ನನಗೇ ನಾಚಿಕೆಯಾಯಿತು. ಮಂದಿಯ ಮಕ್ಕಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆದ ಕೈ ಇದು.

ಸಂಜೆ ಸೊಸೆ ಬಂದಳು. ಕಾಫಿ ಬೆರೆಸಿ ಕೊಟ್ಟು, ಎದುರಿಗೇ ಕೂತು, ಒಂದೂ ಬಿಡದೆ ಹೇಳಿದೆ. "ತಪ್ಪು ನಂದು ಕಣಮ್ಮ. ಸುಮ್ನೆ ನಿನ್ನ ಮೇಲೆ ಹಾಕ್ದೆ."

ಮುಖ ತಿರುಗಿಸುತ್ತಾಳೆ, ಇಲ್ಲವೇ ನಾಲ್ಕು ಮಾತು ಆಡುತ್ತಾಳೆ, ಆಡಲಿ ಎಂದು ಸಿದ್ಧವಾಗಿದ್ದೆ. ಅವಳು ಅತ್ತುಬಿಟ್ಟಳು.

"ಆರು ತಿಂಗಳಿಗೇ ಹಾಲು ಬಿಡ್ಸಿ ಕೆಲ್ಸಕ್ಕೆ ಹೋದ್ನಲ್ಲ ಅತ್ತೆ, ಅದಕ್ಕೇ ಹಲ್ಲು ಗಟ್ಟಿಯಾಗ್ಲಿಲ್ಲ ಅಂದ್ಕೊಂಡೆ. ಕೆಲ್ಸ ಬಿಡೋಣ ಅಂತ ನಿನ್ನೆ ಬರ್ದಿಟ್ಟಿದ್ದೀನಿ. ಇನ್ನೂ ಕಳ್ಸಿಲ್ಲ."

"ಎಲ್ಲಿ, ತೋರ್ಸು," ಎಂದೆ.

ಮೊಬೈಲ್ ಚಾಚಿದಳು. ಕನ್ನಡಕ ಹಾಕಿಕೊಂಡು ಓದಿದೆ. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಕೆಲಸ ಬಿಡಲು ಕಾರಣ ಎಂದು ಅವಳು ಬರೆದದ್ದು ಇಷ್ಟು: ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ.